ಎಡಗಡೆಯ ಗೆರೆ

ನಮ್ಮ ಮನೆಯ ಜಗಳ ಮೊದಲ ರೊಟ್ಟಿಯೊಂದಿಗೆ ಶುರುವಾಗಿ ಮಜ್ಜಿಗೆಯ ಹೊತ್ತಿಗೆ ಮುಗಿಯುತ್ತಿತ್ತು. ಎಲ್ಲಿಂದ ಶುರುವಾದರೂ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ಅಪ್ಪ ದೊಡ್ಡ ಡ್ರೈವರೋ, ಕಾಕಾ ದೊಡ್ಡ ಡ್ರೈವರೋ. ಕಮತಗಿಯ ಆ ಮನೆಯಲ್ಲಿ ಅಡಿಗೆಮನೆಯೇ ಎಲ್ಲಕ್ಕಿಂತ ದೊಡ್ಡ ಕೋಣೆ. ಸಂಜೆ ದೀಪ ಹಚ್ಚಿದ ಕೂಡಲೇ ಊಟ. ಅಪ್ಪ ಜೋಳದ ಕಣಜಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದ, ಅವನೆದುರು ಅವನ ತಮ್ಮ ಈರಣ್ಣ, ಅಂದರೆ ನನ್ನ ಕಾಕಾ. ನಡುಗಂಬಕ್ಕೆ ಒರಗಿ ಕಾಲು ಚಾಚಿಕೊಂಡು ಆಯಿ, ಅಂದರೆ ಅಪ್ಪನ ತಾಯಿ. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕದಲ್ಲಿ ನಾನು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ನನ್ನ ತೊಡೆಯ ಮೇಲೆ, ಯಾರು ಕೇಳಿದರೆ ಅವರಿಗೆ ಹಾಕುವ ಕೆಲಸ ನನ್ನದು. ಬರೆಯುತ್ತಿದ್ದಂತೆ ನನಗೇ ಅನುಮಾನ ಬರುತ್ತದೆ. ಎಲ್ಲರೂ ಪ್ರತಿದಿನ ಹೀಗೆ ತಮ್ಮ ತಮ್ಮ ಜಾಗದಲ್ಲೇ ಕೂತಿರುತ್ತಿದ್ದರೇ? ಅಪ್ಪ ಎಷ್ಟೋ ದಿನ ಬಾಡಿಗೆಗೆ ಹೋಗಿ ಊಟಕ್ಕೆ ಬರುತ್ತಲೇ ಇರಲಿಲ್ಲ. ನೂರು ಊಟಗಳನ್ನು ಕಲಸಿ ನಾನು ಒಂದು ಊಟ ಮಾಡಿಕೊಂಡಿದ್ದೇನೆ. ಇರಲಿ. ನನಗೆ ಹಸಿವಾಗುವುದು ಆ ಊಟಕ್ಕೇ.

ಅಪ್ಪನಿಗೆ ಒಂದು ಟ್ರ್ಯಾಕ್ಟರ್ ಇತ್ತು. ಇಳಕಲ್ಲಿನ ಕಡೆಯ ಕಲ್ಲಿನ ಗಣಿಗಳಿಂದ ಕಲ್ಲು, ಭಟ್ಟಿಯಿಂದ ಇಟ್ಟಿಗೆ, ಮಳೆ ಬಿದ್ದಾಗ ಊರವರ ಹೊಲ ಉಳುವ ರಂಟಿ, ಹೀಗೆ ವರ್ಷವಿಡೀ ಬಾಡಿಗೆ. ಆದರೆ ಸುತ್ತಲ ಊರುಗಳಲ್ಲಿ ಅವನ ಹೆಸರು ಓಡುತ್ತಿದ್ದುದು ಬಾಡಿಗೆಯಿಂದಲ್ಲ, ಹಿಂದಕ್ಕೆ ಓಡಿಸುವ ಪಂದ್ಯದಿಂದ. ನಮ್ಮ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಕಟಾವಾದ ಹೊಲವನ್ನು ಸಮ ಮಾಡಿ ಎರಡು ಉದ್ದ ಗೆರೆ ಎಳೆಯುತ್ತಾರೆ. ನಡುವೆ ಟ್ರೇಲರಿನ ಅಗಲಕ್ಕಿಂತ ಎರಡು ಗೇಣು ಹೆಚ್ಚಿನ ಜಾಗ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಆ ಗೆರೆಗಳ ನಡುವೆ ಈ ತುದಿಯಿಂದ ಆ ತುದಿಗೆ ಹಿಂದಕ್ಕೆ ಓಡಿಸಬೇಕು. ಯಾರು ಬೇಗ ಮುಟ್ಟುತ್ತಾರೋ ಅವರು ಗೆದ್ದಂತೆ. ಗಾಲಿ ಗೆರೆ ಮುಟ್ಟಿದರೆ ಆಟ ಮುಗಿದಂತೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಬೆನ್ನು ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಒಂದು ಕ್ಷಣ ತಡವಾದರೆ ಟ್ರೇಲರ್ ಮೊಣಕೈ ಮಡಚಿದ ಹಾಗೆ ಮಡಚಿಕೊಂಡುಬಿಡುತ್ತದೆ. ಡ್ರೈವರು ಬಲ ಭುಜದ ಮೇಲೆ ಕತ್ತು ಹೊರಳಿಸಿ ನೋಡುವುದರಿಂದ ಎಡಗಡೆಯ ಹಿಂದಿನ ಗಾಲಿ ಅವನಿಗೆ ಕಾಣುವುದೇ ಇಲ್ಲ. ಹೀಗಾಗಿ ಗೆರೆಗೆ ಒಬ್ಬೊಬ್ಬರನ್ನು ನಿಲ್ಲಿಸುತ್ತಾರೆ. ಗೆರೆಯವರು ಮುಟ್ಟಿತು ಎಂದರೆ ಮುಟ್ಟಿತು. ಡ್ರೈವರು ವಾದ ಮಾಡುವ ಹಾಗಿಲ್ಲ. ವಾದ ಮಾಡಿದವನನ್ನು ಮುಂದಿನ ಪಂದ್ಯಕ್ಕೆ ಯಾರೂ ಕರೆಯುತ್ತಿರಲಿಲ್ಲ.

ಕಾಕಾನ ಓಟ ಬೇರೆ. ಅವನು ಹುನಗುಂದದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬಾಗಲಕೋಟೆಯ ಒಬ್ಬ ಗುತ್ತಿಗೆದಾರನ ಜೀಪು ಅವನ ಕೈಯಲ್ಲಿತ್ತು. ಬಯಲಿನಲ್ಲಿ ಮಣ್ಣು ಗುಡ್ಡೆ ಹಾಕಿ, ನೀರು ಬಿಟ್ಟು ಕೆಸರು ಮಾಡಿ, ಗಡಿಯಾರ ಹಿಡಿದು ಒಬ್ಬೊಬ್ಬರನ್ನೇ ಬಿಡುವ ಪಂದ್ಯಗಳಲ್ಲಿ ಅವನು ಆ ಜೀಪನ್ನು ಓಡಿಸುತ್ತಿದ್ದ. ಅಪ್ಪನಿಗೆ ಬಹುಮಾನವಾಗಿ ಬರುತ್ತಿದ್ದುದು ಸ್ಟೀಲಿನ ಕೊಡ, ಒಮ್ಮೆ ಒಂದು ಗೋಡೆ ಗಡಿಯಾರ. ಕಾಕಾನಿಗೆ ಎರಡು ಕಿವಿಯ ಕಪ್ಪುಗಳು. ಕೊಡಗಳಲ್ಲಿ ಅವ್ವ ನೀರು ತುಂಬುತ್ತಿದ್ದಳು. ಕಪ್ಪುಗಳಿಂದ ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಆಯಿ ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ ಇಟ್ಟುಕೊಂಡಿದ್ದಳು. ಅಪ್ಪ ಮನೆಗೆ ಬಂದರೆ ಚಪ್ಪಲಿಯನ್ನು ಬಾಗಿಲ ಹೊರಗೆ, ತುದಿ ಬೀದಿಯ ಕಡೆ ಬರುವ ಹಾಗೆ, ಜೋಡಿಸಿ ಬಿಡುತ್ತಿದ್ದ. ಕಾಕಾನ ಒಂದು ಚಪ್ಪಲಿ ಕಟ್ಟೆಯ ಮೇಲೆ, ಇನ್ನೊಂದು ಎಮ್ಮೆ ಮೇವು ತಿನ್ನುವ ಗ್ವಾದಲಿಯ ಹತ್ತಿರ. ಅವ್ವ ಎರಡನ್ನೂ ತಂದಿಡುತ್ತಾ ಹೇಳುತ್ತಿದ್ದಳು:

“ಇವನ ಚಪ್ಪಲಿ ಇವಗಿಂತ ಮುಂದ ಹೋಗಿ ನಿಂತಿರತಾವ.”

ಕಾಕಾ ತಟ್ಟೆಯ ಮೇಲಿನ ಹಿಂಡಿಯಲ್ಲಿ ಬೆರಳಿನಿಂದ ತಿರುವುಗಳನ್ನು ಬರೆಯುತ್ತಿದ್ದ. ಇಲ್ಲಿ ಬ್ರೇಕು, ಇಲ್ಲಿ ಬಾಲ ಬಿಡಬೇಕು, ಇಲ್ಲಿ ಗಾಲಿ ಹಿಡಿತ ತಪ್ಪುವುದಕ್ಕೆ ಮೊದಲೇ ಸ್ಟೇರಿಂಗ್ ತಿರುವಬೇಕು. ಅಪ್ಪ ಮಾತಿಲ್ಲದೆ ಎರಡು ಸೌಟುಗಳನ್ನು ತುದಿಗೆ ತುದಿ ಹಚ್ಚಿ ನೆಲದ ಮೇಲಿಟ್ಟು ಒಂದನ್ನು ತಳ್ಳುತ್ತಿದ್ದ. ಇನ್ನೊಂದು ಓರೆಯಾಗಿ ಹೊರಳುತ್ತಿತ್ತು.

“ನೋಡಪಾ. ಇದನ್ನ ನೆಟ್ಟಗ ಹಿಂದ ತಗಿ. ಮುಂದ ಗಾಡಿ ತಾನ ಹೋಗತೈತಿ, ದಾರಿ ಕರಕೊಂಡು ಹೋಗತೈತಿ. ಹಿಂದ ಹೋಗಬೇಕಾದ್ರ ಡ್ರೈವರ ಬೇಕಾಗತಾನ.”

“ಅಣ್ಣಾ, ಎಮ್ಮಿ ಹಿಂದ ಸರದ್ರೂ ನಿನಗಿಂತ ಲಗೂ ಸರೀತೈತಿ.”

“ಎಮ್ಮಿ ಹಿಂದ ಸರಿಯಾಗ ಗ್ವಾದಲಿ ಮುರೀತೈತಿ. ನಾ ಮುರಿಯಂಗಿಲ್ಲ.”

ಆಯಿ ನಗುತ್ತಿದ್ದಳು. ಅವಳು ನಗುವಾಗ ಶಬ್ದ ಬರುತ್ತಿರಲಿಲ್ಲ, ಕೊರಳಿನ ಲಿಂಗದ ಕಾಯಿ ಮಾತ್ರ ಅಲ್ಲಾಡುತ್ತಿತ್ತು.

ನೆರೆಮನೆಯ ಮಾಸ್ತರರ ಮನೆಗೆ ಬಣ್ಣದ ಟಿವಿ ಬಂದ ಮೇಲೆ ಈ ಜಗಳ ಹಿಗ್ಗಿತು. ಭಾನುವಾರ ಅಲ್ಲಿ ಹೊರದೇಶದ ಕಾರಿನ ರೇಸು ತೋರಿಸುತ್ತಿದ್ದರು. ನೆಲಕ್ಕೆ ಅಂಟಿಕೊಂಡ, ಮೇಲೆ ಟಾಪು ಇಲ್ಲದ ಕಾರುಗಳು ಡಾಂಬರಿನ ಮೇಲೆ ಸುತ್ತುತ್ತಿದ್ದವು. ಮಾಸ್ತರರ ಪಡಸಾಲೆಯ ಚಾಪೆಯ ಮೇಲೆ ನಾವೆಲ್ಲ ಕೂತು ನೋಡಿದ ಮೊದಲ ದಿನ ಅಪ್ಪ ಕೇಳಿದ:

“ಇಂವ ಎಲ್ಲಿಗೆ ಹೊಂಟಾನ?”

“ಎಲ್ಲಿಗೂ ಇಲ್ಲಣ್ಣಾ. ಹೊಳ್ಳಿ ಅಲ್ಲೇ ಬರತಾನ.”

“ಅಲ್ಲೇ ಬರೂದಿದ್ರ ಹೋಗಿದ್ದ್ಯಾಕ?”

ಗಾಣದ ಎತ್ತು ಸುತ್ತಿದರೂ ಸಂಜೆಗೆ ಒಂದು ಕೊಡ ಎಣ್ಣೆ ಬರುತ್ತದೆ ಎಂದಳು ಆಯಿ. ಆದರೆ ಕಾಕಾ ಅಂದು ನಗಲಿಲ್ಲ. ಟಿವಿಯ ಕಡೆಯೇ ನೋಡುತ್ತಾ, ಯಾರಿಗೆ ಎಂದಿಲ್ಲದೆ ಮಾತಾಡಿದ. ಈ ಸುತ್ತಿನವನಿಗೆ ಒಂದೊಂದು ತಿರುವೂ ಬಾಯಿಪಾಠ. ಕಾಡಿನಲ್ಲಿ, ಗುಡ್ಡದಲ್ಲಿ ರ‍್ಯಾಲಿ ಓಡಿಸುವವನಿಗೆ ತಿರುವು ಬರುವುದು ಒಂದೇ ಸಲ. ಪಕ್ಕದಲ್ಲಿ ಕೂತವನು ಓದಿ ಹೇಳಿದ್ದನ್ನು ನಂಬಿ ಕಣ್ಣಿಗೆ ಕಾಣದ ಕಡೆಗೆ ಗಾಡಿ ನುಗ್ಗಿಸಬೇಕು. ಕೆಸರಿನವನಿಗೆ ಅದೂ ಇಲ್ಲ, ಮುಂದಿನ ಗಾಡಿ ಹೋದ ಮೇಲೆ ದಾರಿಯೇ ಬೇರೆಯಾಗಿರುತ್ತದೆ. ಇವನನ್ನು ಅಲ್ಲಿ ಬಿಟ್ಟರೆ ಇವನು ಸೋಲುತ್ತಾನೆ, ಅವನನ್ನು ಇಲ್ಲಿ ಬಿಟ್ಟರೆ ಅವನು ಸೋಲುತ್ತಾನೆ. ಹಾಗಾದರೆ ಯಾರು ದೊಡ್ಡವನು?

“ಯಾವ ಗಾಡಿ ಕೊಟ್ರೂ, ಯಾವ ನೆಲಾ ಕೊಟ್ರೂ ಹೊಡೀತಾನ ನೋಡು, ಅಂವಾ ಖರೆ ಡ್ರೈವರಾ,” ಎಂದ ಕಾಕಾ.

“ಒಂದ ಗಾಡಿ ಪೂರಾ ತಿಳಕೊಂಡಾಂವಾ ಖರೆ ಡ್ರೈವರಾ,” ಎಂದ ಅಪ್ಪ. “ಹತ್ತು ಮನಿ ಉಂಡಾವಗ ಯಾವ ಮನಿ ಉಪ್ಪೂ ನೆನಪಿರಂಗಿಲ್ಲ.”

ಈಗ ನನಗೆ ಐವತ್ತರ ಹತ್ತಿರ. ಬಾಗಲಕೋಟೆಯ ನವನಗರದಲ್ಲಿ ಶಾಲೆಯ ಟೀಚರು. ಬಿಡುವಿನ ಪೀರಿಯಡ್ಡಿನಲ್ಲಿ ಮಿಕ್ಕವರು ಫೋನಿನಲ್ಲಿ ಸೀರೆ ನೋಡುವಾಗ ನಾನು ರ‍್ಯಾಲಿ ನೋಡುತ್ತೇನೆ, ಸುತ್ತಿನ ರೇಸು ನೋಡುತ್ತೇನೆ, ನಮ್ಮ ಕಡೆಯ ಹುಡುಗರು ಹಾಕುವ ಟ್ರ್ಯಾಕ್ಟರ್ ಪಂದ್ಯಗಳನ್ನೂ ನೋಡುತ್ತೇನೆ. ಇಬ್ಬರ ಮಾತಿನಲ್ಲಿ ಯಾರದು ಸರಿ ಎಂದು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ತೀರ್ಮಾನ ಮಾಡುವುದಕ್ಕಾಗಿ ನೋಡುತ್ತೇನೆ ಎನ್ನುವುದೂ ನಿಜವಲ್ಲ. ಎಂಜಿನ್ನಿನ ಶಬ್ದದ ಕೆಳಗೆ ಎಲ್ಲೋ ಆ ಅಡಿಗೆಮನೆಯ ಗದ್ದಲ ಕೇಳಿಸೀತೇ ಎಂದು ಕಿವಿಗೊಡುತ್ತೇನೆ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಕೊಲ್ಹಾಪುರದಿಂದ ಒಬ್ಬರು ಬಂದರು. ಅಲ್ಲಿ ರೇಸಿನ ಗಾಡಿ ತಯಾರು ಮಾಡುವ ದೊಡ್ಡ ಗ್ಯಾರೇಜಿನ ಮಾಲೀಕರು. ಬಾಗಲಕೋಟೆಯ ಬಯಲಿನಲ್ಲಿ ಕಾಕಾ ಓಡಿಸಿದ್ದನ್ನು ನೋಡಿದ್ದರು. ಪಡಸಾಲೆಯಲ್ಲಿ ಕೂತು ಮರಾಠಿ ಬೆರೆತ ಕನ್ನಡದಲ್ಲಿ, ಈ ಹುಡುಗನನ್ನು ನನಗೆ ಕೊಡಿ, ರ‍್ಯಾಲಿಗೆ ಇಳಿಸುತ್ತೇನೆ, ಇರಲು ಖೋಲಿ, ಊಟ, ಎಲ್ಲ ನನ್ನದು ಎಂದರು. ಅವ್ವ ಚುರುಮುರಿ ಒಗ್ಗರಣೆ ಹಾಕಿ ಕೊಟ್ಟಳು. ಅವರು ಹೋದ ಮೇಲೆ ಪಡಸಾಲೆಯಲ್ಲಿ ಯಾರೂ ಏಳಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕಾದರೂ ಅಪ್ಪ ಹೂಂ ಎನ್ನಬೇಕಿತ್ತು.

“ಅಣ್ಣಾ, ನೀ ಹೂಂ ಅಂದ್ರ ಹೋಗತೇನಿ.”

“ಹೂಂ ಅನ್ನಾಕ ನೀ ಅಂಥಾ ಡ್ರೈವರ ಅಂತ ನನಗ ಗೊತ್ತಾಗಬೇಕಲ್ಲ. ಆ ಬಾಗಲಕೋಟಿ ಜೀಪ ಬಿಟ್ರ ನೀ ಏನ ಹೊಡದೀದಿ?”

“ನೀ ಆ ಟ್ರ್ಯಾಕ್ಟರ ಬಿಟ್ರ ಏನ ಹೊಡದೀ?”

ಅಲ್ಲಿಯವರೆಗೆ ಈ ಜಗಳ ಊಟಕ್ಕೆ ನೆಂಚಿಕೊಳ್ಳುವ ಹಿಂಡಿಯಂತಿತ್ತು; ಈಗ ಅದರ ಮೇಲೆ ಕಾಕಾ ಮನೆಯಲ್ಲಿ ಇರುವುದೋ ಬಿಡುವುದೋ ನಿಂತುಬಿಟ್ಟಿತು. ಅವನು ಹೋದರೆ ಅಪ್ಪ ಯಾರೊಂದಿಗೆ ಜಗಳವಾಡುತ್ತಾನೆ? ಅಪ್ಪ ನಮ್ಮೊಂದಿಗೆ ಹೆಚ್ಚು ಮಾತಾಡುವವನಲ್ಲ. ಆಯಿಯ ನಗು, ಅವ್ವನ ಕೊಂಕು, ಅಪ್ಪನ ಸೌಟು, ಎಲ್ಲಕ್ಕೂ ಕಾಕಾನ ಒಂದು ಮಾತು ಬೀಳಬೇಕಿತ್ತು. ಹನ್ನೊಂದು ವರ್ಷದ ನನಗೆ ಇದೆಲ್ಲ ಹೀಗೆ ಬಿಡಿಸಿ ಗೊತ್ತಿತ್ತು ಎಂದು ಹೇಳಲಾರೆ. ಕಾಕಾ ಹೋಗಬಾರದು ಎನ್ನುವುದೊಂದೇ ಗೊತ್ತಿತ್ತು.

ಪಂಚಾಯ್ತಿ ಮಾಡಿದವಳು ಆಯಿ.

“ಬಾಯಿಲೆ ಏನ ಹೊಡೀತೀರಿ? ಶಿವ್ಯಾ, ನೀ ಅವನ ಜೀಪ ಹೊಡಿ. ಈರ‍್ಯಾ, ನೀ ಇವನ ಟ್ರ್ಯಾಕ್ಟರ ಹಿಂದ ತಗಿ. ಶಿವ್ಯಾ, ಅಂವ ಅದನ್ನೂ ಹೊಡದಾ ಅಂದ್ರ ನೀ ಹೂಂ ಅನಬೇಕ. ಇಲ್ಲಂದ್ರ ಇಂವ ಕೊಲ್ಲಾಪುರದ ಹೆಸರ ಎತ್ತಬಾರದು. ಮುಗೀತು.”

ಮೊದಲು ಅಪ್ಪನ ಸರದಿ. ಜೀಪು ಊರಿಗೆ ಬಂದ ದಿನ ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು, ಶರ್ಟಿನ ತೋಳು ಮಡಚಿಕೊಂಡು ಹತ್ತಿದ. ಹೊಳೆಯ ಕಡೆಯ ಹಾಳು ಬಯಲಿನಲ್ಲಿ ಕಾಕಾ ನಾಲ್ಕು ಕಲ್ಲು ಇಟ್ಟು ತಿರುವು ಮಾಡಿದ್ದ. ಎರಡು ತಿರುವು ಅಪ್ಪ ಚೆನ್ನಾಗಿಯೇ ದಾಟಿದ. ಮೂರನೆಯದರಲ್ಲಿ ಜೀಪಿನ ಹಿಂಭಾಗ ಜಾರಿತು. ಜಾರಿದ ಕಡೆಗೆ ಸ್ಟೇರಿಂಗ್ ತುಸುವೇ ಕೊಡಬೇಕಿತ್ತು. ಇಪ್ಪತ್ತು ವರ್ಷ ಟ್ರೇಲರಿನ ಬೆನ್ನನ್ನು ದೂಡಿ ರೂಢಿಯಾದ ಕೈ ಪೂರ್ತಿ ತಿರುಗಿಸಿಬಿಟ್ಟಿತು. ಜೀಪು ಪೂರ್ತಿ ಹೊರಳಿ ಜಾಲಿಯ ಪೊದೆಯೊಳಗೆ ಹೋಗಿ ನಿಂತಿತು. ನಾವು ಓಡಿ ಹೋದಾಗ ಅಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ತಲೆಯ ಮೇಲೆ ಜಾಲಿಯ ಒಂದು ಟೊಂಗೆ.

“ಸ್ಟೇರಿಂಗ್ ಸಡ್ಲ ಐತಲೇ ಇದು.”

“ಹೌದಣ್ಣಾ. ಜಾಲಿನೂ ಅಡ್ಡ ಬಂತು.”

ಮನೆಗೆ ಬಂದು ಆಯಿ ಮುಳ್ಳು ತೆಗೆಯುವಾಗ ಒಂದೊಂದು ಮುಳ್ಳಿಗೂ ಕಾಕಾ ಒಂದೊಂದು ಮಾತು ಆಡಿದ. ಅಪ್ಪನೂ ಕೊನೆಗೆ ನಕ್ಕ. ಆ ನಗು ನನಗೆ ಸ್ಪಷ್ಟವಾಗಿ ನೆನಪಿದೆ. ಅವ್ವ ಮಾತ್ರ, ನಿಮ್ಮಪ್ಪ ಆವತ್ತು ಉಣ್ಣದೆ ಮಲಗಿದ, ನಗು ಎಲ್ಲಿಯದು ಎನ್ನುತ್ತಾಳೆ.

ಕಾಕಾನಿಗೆ ಎಂಟು ದಿನ ಕೊಟ್ಟರು. ಗ್ಯಾರೇಜಿಗೆ ರಜೆ ಹೇಳಿ ಅವನು ಬೆಳಗ್ಗೆ ಅಪ್ಪ ಬಾಡಿಗೆಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ಮನೆಯ ಹಿಂದಿನ ಬಯಲಿನಲ್ಲಿ ಟ್ರ್ಯಾಕ್ಟರನ್ನು ಹಿಂದಕ್ಕೆ ತಳ್ಳುತ್ತಿದ್ದ. ಮೊದಲ ದಿನ ಹತ್ತು ಮಾರು ಹೋಗುವಷ್ಟರಲ್ಲಿ ಟ್ರೇಲರ್ ಮಡಚಿಕೊಂಡಿತು. ಎರಡನೆಯ ದಿನವೂ. ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ, ಒಂದು ಮಾತೂ ಹೇಳಿಕೊಡಲಿಲ್ಲ, ಅಣಕಿಸಲೂ ಇಲ್ಲ. ಐದನೆಯ ದಿನ ಟ್ರೇಲರ್ ನೆಟ್ಟಗೆ ಸರಿಯತೊಡಗಿತು. ಅವ್ವ ಒಗೆದ ಬಟ್ಟೆ ಹಿಂಡುವುದನ್ನು ಬಿಟ್ಟು ನೋಡಿದಳು. ಏಳನೆಯ ದಿನ ಸಂಜೆ ಅದು ಈ ತುದಿಯಿಂದ ಆ ತುದಿಗೆ, ಹಗ್ಗ ಹಿಡಿದು ಎಳೆದ ಹಾಗೆ, ಹೋಗಿ ನಿಂತಿತು. ಕಾಕಾ ಸೀಟಿನ ಮೇಲೆ ಎದ್ದು ನಿಂತು ಕೈ ಎತ್ತಿದ. ನಾನು ಚಪ್ಪಾಳೆ ತಟ್ಟಿದೆ. ತಟ್ಟುತ್ತಲೇ, ಉಳಿದದ್ದು ಒಂದೇ ದಿನ ಎಂದು ಎಣಿಸಿದೆ.

ಗೆರೆಗೆ ಯಾರು ನಿಲ್ಲಬೇಕು ಎಂಬ ಮಾತು ಬಂತು. ಬಲಗಡೆಗೆ ಅಪ್ಪ ನಿಲ್ಲುತ್ತೇನೆಂದ. ಎಡಗಡೆಗೆ, ಡ್ರೈವರಿಗೆ ಕಾಣದ ಕಡೆಗೆ, ಊರಿನ ಯಾರನ್ನಾದರೂ ಕರೆಯೋಣ ಎಂದಳು ಅವ್ವ.

“ಊರವರು ಯಾಕ ವೈನಿ? ನೀಲಾ ನಿಂದರಲಿ,” ಎಂದ ಕಾಕಾ, ನನ್ನನ್ನು ತೋರಿಸಿ. “ನಮ್ಮ ನೀಲಾ ಸುಳ್ಳ ಹೇಳಂಗಿಲ್ಲ.”

ಅಪ್ಪನೂ ಹೂಂ ಎಂದ.

ಪಂದ್ಯಗಳಲ್ಲಿ ಗೆರೆಗೆ ಸುಣ್ಣ ಹಾಕುತ್ತಾರೆ. ನಮ್ಮ ಮನೆಯ ಸುಣ್ಣವನ್ನೆಲ್ಲ ಹಬ್ಬಕ್ಕೆ ಗೋಡೆ ಬಳಿದು ಮುಗಿಸಿದ್ದರಿಂದ ಅಪ್ಪ ಕಬ್ಬಿಣದ ಹಾರೆಯ ತುದಿಯಿಂದ ನೆಲ ಗೀರಿದ. ಎಂಟು ದಿನ ಗಾಲಿ ಓಡಾಡಿದ ನೆಲ, ಎಲ್ಲಿ ನೋಡಿದರೂ ಟಯರಿನ ಗುರುತು. ಆಯಿ ಕಟ್ಟೆಯ ಮೇಲೆ ಮಾಸ್ತರರ ಗಡಿಯಾರ ಹಿಡಿದು ಕೂತಳು. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ಆದರೆ ಹಿಡಿದುಕೊಂಡಿದ್ದಳು. ಮಾಸ್ತರರು ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದರು. ಅಪ್ಪ ಹಾಕಿದ ಹೊತ್ತಿಗಿಂತ ಐದು ಸೆಕೆಂಡು ಹೆಚ್ಚಾದರೂ ಕಾಕಾ ಗೆದ್ದಂತೆ ಎಂದು ಆಯಿಯೇ ರಿಯಾಯಿತಿ ಕೊಟ್ಟಿದ್ದಳು. ಮೊದಲು ಅಪ್ಪ ಓಡಿಸಿದ. ಮಾಸ್ತರರು ಹೊತ್ತು ಹೇಳಿದರು. ಆಮೇಲೆ ಕಾಕಾ ಹತ್ತಿದ.

ಟ್ರೇಲರಿನ ಹಿಂಬದಿ ನನ್ನ ಕಡೆ ಬರುತ್ತಿತ್ತು. ನಾನು ತುದಿಗಿಂತ ಸ್ವಲ್ಪ ಈಚೆ, ಗೆರೆಯ ಪಕ್ಕ ಮೊಣಕಾಲೂರಿ ಕೂತಿದ್ದೆ. ಮಣ್ಣು ನಡುಗುತ್ತಿತ್ತು. ಗಾಲಿ ಗೆರೆಯ ಹತ್ತಿರ ಬಂತು, ದೂರ ಸರಿಯಿತು, ಮತ್ತೆ ಹತ್ತಿರ ಬಂತು. ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಗಾಲಿಗೂ ಗೆರೆಗೂ ನಡುವೆ ಎರಡು ಬೆರಳಿನಷ್ಟು ಜಾಗವಿದೆ, ಆ ಜಾಗದಲ್ಲಿ ಒಂದು ಜೋಳದ ದಂಟಿನ ತುಂಡು ಬಿದ್ದಿದೆ. ಇನ್ನೊಂದರಲ್ಲಿ ಗೆರೆಯ ಅಂಚಿನ ಮಣ್ಣು ಚೂರು ಕುಸಿಯುತ್ತದೆ. ನನ್ನ ಗಂಡನಿಗೆ ಮೊದಲನೆಯದನ್ನು ಹೇಳಿದ್ದೇನೆ, ಅವ್ವನಿಗೆ ಎರಡನೆಯದನ್ನು. ಹೇಳುವಾಗ ಎರಡೂ ನಿಜವೇ ಅನ್ನಿಸಿದವು. ಸುತ್ತಿನ ರೇಸಿನವನು ಅದೇ ತಿರುವಿಗೆ ಬರುವ ಹಾಗೆ ನಾನು ಅಲ್ಲಿಗೆ ಎಷ್ಟು ಸಲ ಬಂದಿದ್ದೇನೋ. ಬಂದಷ್ಟೂ ನೆಲ ಸವೆದು ನುಣುಪಾಗಿದೆ, ಗುರುತು ಉಳಿದಿಲ್ಲ. ಬದಲಾಗದೆ ಉಳಿದದ್ದು ಒಂದೇ: ಆ ಮಾತು ಟ್ರ್ಯಾಕ್ಟರ್ ಶುರುವಾಗುವುದಕ್ಕೆ ಮೊದಲೇ ನನ್ನ ಬಾಯಲ್ಲಿ ಸಿದ್ಧವಾಗಿತ್ತು.

“ಮುಟ್ತು!”

ಕಾಕಾ ಬ್ರೇಕು ಹಾಕಿದ. ಎಂಜಿನ್ ನಿಲ್ಲಿಸಿದ. ಇಳಿದು ಬಂದು ನನ್ನ ಮುಖ ನೋಡಿದ. ಗೆರೆಯನ್ನು ನೋಡಲಿಲ್ಲ. ನೋಡುವುದೆಂದರೆ ಗೆರೆಯವರ ಮಾತನ್ನು ಅನುಮಾನಿಸಿದಂತೆ.

“ಮುಟ್ತೇನವಾ?”

“ಹೂಂ.”

“ಆತು ಬಿಡು.”

ಆಮೇಲೆ ಅಪ್ಪ ಟ್ರೇಲರನ್ನು ಸುತ್ತಿ ಬಂದ. ಅವನು ಮಾತ್ರ ನೆಲ ನೋಡಿದ. ಬಗ್ಗಲಿಲ್ಲ, ನಿಂತೇ ನೋಡಿದ. ನಂತರ ಚಪ್ಪಲಿಯ ಕಾಲಿನಿಂದ ಆ ಜಾಗದ ಗೆರೆಯನ್ನು ಉಜ್ಜಿ ಅಳಿಸಿದ. ಪಂದ್ಯ ಮುಗಿದ ಮೇಲೆ ಗೆರೆ ಅಳಿಸುವುದು ರೂಢಿ. ಹಾಗೆ ಮಾಡಿದನೋ, ಅಥವಾ ಬೇರೆ ಯಾರೂ ನೋಡಬಾರದೆಂದು ಮಾಡಿದನೋ, ನನಗೆ ಇಂದಿಗೂ ಗೊತ್ತಿಲ್ಲ. ಅಳಿಸುವಾಗ ಅವನು ನನ್ನ ಕಡೆ ನೋಡಲಿಲ್ಲ.

ಕಾಕಾ ಉಳಿದ. ಕೊಲ್ಹಾಪುರಕ್ಕೆ ಒಂದು ಕಾರ್ಡು ಬರೆದು ಹಾಕಿದ. ನನಗೆ ಬೇಕಾದದ್ದು ಸಿಕ್ಕಿತ್ತು. ಅಂದು ಸಂಜೆ ಹಿಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಇನ್ನೇನು ಶುರುವಾಗುತ್ತದೆ ಎಂದು ಕಾದೆ. ಅಪ್ಪ ರೊಟ್ಟಿ ಮುರಿದ. ಕಾಕಾ ರೊಟ್ಟಿ ಮುರಿದ. ಅವ್ವನ ಕೈ ರೊಟ್ಟಿಯ ಮೇಲೆ ಬೀಳುವ ಸಪ್ಪಳ ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು. ಆಯಿ ಒಂದೆರಡು ಸಲ ಕೆಣಕಿದಳು. “ಏನಲೇ ಈರ‍್ಯಾ, ಎಮ್ಮಿ ಏನಂತೈತಿ?” ಕಾಕಾ, “ಏನೂ ಅನ್ನಂಗಿಲ್ಲವಾ,” ಎಂದ. ಮರುದಿನವೂ ಹಾಗೆ. ಅದರ ಮರುದಿನವೂ. ಕೋಪವಿರಲಿಲ್ಲ, ಕೋಪವಿದ್ದಿದ್ದರೆ ಒಂದು ದಿನ ಒಡೆಯುತ್ತಿತ್ತು. ಅವನು ಅಣ್ಣನಿಗೆ ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡತೊಡಗಿದ. ಕೇಳಿದ್ದಕ್ಕೆ ಉತ್ತರ, ಹೇಳಿದ್ದಕ್ಕೆ ಹೂಂ. ಆ ವರ್ಷದ ದಸರೆಗೆ ಬನ್ನಿ ಕೊಟ್ಟು ಅಪ್ಪನ ಕಾಲಿಗೆ ಬಿದ್ದ. ಬಂಗಾರದಂಗ ಇರೂಣು ಅಣ್ಣಾ ಎಂದ, ಕಂಡಕ್ಟರು ಟಿಕೆಟ್ ಕೊಡುವ ಹಾಗೆ. ಅಪ್ಪನೂ ಎಂದ. ಬಾಗಲಕೋಟೆಯ ಜೀಪಿಗೆ ಬೇರೆ ಹುಡುಗ ಬಂದ. ಅಪ್ಪ ಪಂದ್ಯಕ್ಕೆ ಹೋಗುವುದನ್ನು ಬಿಟ್ಟ. ಯಾಕೆಂದು ಕೇಳಿದವರಿಗೆ ಕತ್ತು ನೋವು ಎನ್ನುತ್ತಿದ್ದ. ನಾನು ಉಳಿಸಿಕೊಳ್ಳಲು ಹೋಗಿದ್ದು ಒಂದು ಗದ್ದಲವನ್ನು. ಮನೆಯೊಳಗೆ ಉಳಿದವನು ಮಾತು ಬಿಟ್ಟ ಕಾಕಾ.

ಅವನ ಮದುವೆಯಾಯಿತು, ಇಳಕಲ್ಲಿಗೆ ಹೋದ, ಅಲ್ಲಿ ಡ್ರೈವಿಂಗ್ ಸ್ಕೂಲ್ ಹಾಕಿದ. ಎರಡು ಬ್ರೇಕಿನ ಕಾರಿನಲ್ಲಿ, ಕಲಿಯುವವರ ಪಕ್ಕ ಕೂತು, ನಿಧಾನ, ನಿಧಾನ ಎನ್ನುತ್ತಾ ಅರ್ಧ ಇಳಕಲ್ಲಿಗೆ ಗಾಡಿ ಕಲಿಸಿದ. ಇಳಕಲ್ಲಿಗೆ ಹೋಗದಿದ್ದರೆ ಅವನು ಏನಾಗುತ್ತಿದ್ದ, ಕೊಲ್ಹಾಪುರಕ್ಕೆ ಹೋಗಿದ್ದರೆ ಏನಾಗುತ್ತಿದ್ದ, ಇವೆರಡನ್ನೂ ಕಥೆ ಮಾಡಬಲ್ಲೆ, ಮಾಡುವುದಿಲ್ಲ. ಆಯಿ ಹೋದಳು. ಹೋದ ವರ್ಷ ಅಪ್ಪ ಹೋದ. ಅಪ್ಪನ ಮಣ್ಣಿಗೆ ಬಂದ ಕಾಕಾ ಮೂರು ಹಿಡಿ ಮಣ್ಣು ಹಾಕಿ, ಹೋಗಿ ಟ್ರ್ಯಾಕ್ಟರ್ ನಿಲ್ಲುತ್ತಿದ್ದ ಜಾಗದಲ್ಲಿ ಬಹಳ ಹೊತ್ತು ನಿಂತಿದ್ದ.

ವರ್ಷಾಂತ್ಯದ ಕಾರ್ಯಕ್ಕೆ ಕರೆಯಲು ನಾನೇ ಇಳಕಲ್ಲಿಗೆ ಹೋದೆ. ಮಧ್ಯಾಹ್ನದ ಊಟಕ್ಕೆ ಗಂಗಾ ಕಾಕಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಅವಳು ಒಳಗೆ ರೊಟ್ಟಿ ಮಾಡುತ್ತಿದ್ದಳು, ನಾವಿಬ್ಬರೇ ಕೂತಿದ್ದೆವು. ಕಾಕಾನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕರೆಯಲು ಬಂದ ಮಾತು ಮುಗಿಸಿ, ನಿಲ್ಲಿಸಲಾಗದೆ ಹೇಳಿದೆ:

“ಕಾಕಾ, ಆವತ್ತ ಗಾಲಿ ಗೆರಿ ಮುಟ್ಟಿದ್ದು ನಾ ನೋಡಿಲ್ಲ.”

ಅವನು ತುತ್ತು ನಿಲ್ಲಿಸಲಿಲ್ಲ. ಯಾವ ಗೆರೆ ಎಂದೂ ಕೇಳಲಿಲ್ಲ.

“ನೋಡಿಲ್ಲ ಅಂದ್ರ?”

“ಮುಟ್ಟಿರಬೇಕು. ಮುಟ್ಟಿಲ್ಲದನೂ ಇರಬೇಕು. ನಾ ಮುಟ್ತು ಅಂದ್ನಿ, ಅಷ್ಟ.”

“ಯಾಕ?”

“ನೀ ಹೋಗತಿದ್ದಿ.”

ಅವನು ನೀರು ಕುಡಿದ. ಚೊಂಬನ್ನು ಕೆಳಗಿಟ್ಟು ಅದನ್ನೇ ನೋಡಿದ.

“ಗೆರಿಯವರು ಮುಟ್ತು ಅಂದ್ರ ಮುಟ್ತು, ನೀಲಾ. ಮುಗದದ್ದು ಅದು. ಈಗ ಬಂದು ಹೊಳ್ಳಿಸಾಕ ಬರಂಗಿಲ್ಲ.”

ಕ್ಷಮಿಸಿದ್ದೇನೆ ಎಂದೋ, ಬೈದೋ, ಏನಾದರೂ ಅನ್ನಲಿ ಎಂದು ಕಾದೆ. ಅವನು ಎಣ್ಣೆಗಾಯಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಸರಿಸಿದ. ಸರಿಸಿ, ತಲೆ ಎತ್ತದೆ ಕೇಳಿದ:

“ನಿಮ್ಮಪ್ಪ ಏನಂದಾ?”

“ಯಾವಾಗ?”

“ಆಮ್ಯಾಲೆ. ಯಾವಾಗರೆ. ನಿಮ್ಮವ್ವನ ಮುಂದ, ನಿನ್ನ ಮುಂದ. ನಾ ಹೊಡದದ್ದಕ್ಕ. ಏನರ ಅಂದಿರಬೇಕಲ್ಲ?”

ಅವನು ಮೂವತ್ತೇಳು ವರ್ಷ ಕಾಯುತ್ತಿದ್ದುದು ಗೆರೆಯ ಮಾತಿಗಲ್ಲ, ಇದಕ್ಕೆ ಎಂದು ನನಗೆ ಆಗ ತಿಳಿಯಿತು. ಅಂದಿದ್ದ ಕಾಕಾ, ಎಂಟು ದಿನದಲ್ಲಿ ಕಲಿತುಬಿಟ್ಟ ಅಂದಿದ್ದ, ಎನ್ನುವುದು ಎಷ್ಟು ಸುಲಭವಿತ್ತು. ಒಂದು ಮಾತು. ನಾಲಗೆಯ ತುದಿಗೆ ಬಂದಿತ್ತು, ತಯಾರಾಗಿ. ಅದು ತಯಾರಾಗಿ ಬಂದದ್ದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

“ಏನೂ ಅನ್ನಲಿಲ್ಲ ಕಾಕಾ. ಯಾವಾಗೂ.”

“ಏನೂ?”

“ಏನೂ.”

ಕಾಕಾ ನನ್ನನ್ನು ನೋಡಿದ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

“ಏನೂ ಅನ್ನಲಿಲ್ಲಾ! ಎಂಟ ದಿನದಾಗ ಹೊಡದೇನಿ ನಾ. ಎಂಟ ದಿನ! ಅಂವಗ ಆ ಟ್ರೇಲರ ನೆಟ್ಟಗ ತಗಿಯಾಕ ಎಷ್ಟ ವರ್ಷ ಹಿಡದಿತ್ತು ಗೊತ್ತೈತೇನು ನಿನಗ? ನಿಮ್ಮ ಹಿತ್ತಲ ಗ್ವಾಡಿ ಎರಡ ಸಲ ಕೆಡವ್ಯಾನ ಅಂವಾ. ಎರಡ ಸಲ! ಗ್ವಾಡಿ ಕಟ್ಟಿದಾಂವ ನಾ!”

“ಕೆಡವಿರಬೇಕು. ಆದ್ರ ಅಪ್ಪ ಹಿಂದ ತಗಿಯಾಗ ಒಮ್ಮೆರ ಕನ್ನಡಿ ನೋಡತಿದ್ನೇನು? ಬರೇ ಸಪ್ಪಳದ ಮ್ಯಾಲೆ ತಗೀತಿದ್ದ. ನೀ ಅದನ್ನ ಮಾಡ್ತಿದ್ದೇನು?”

ಇದನ್ನು ನಾನು ಯಾಕೆ ಅಂದೆನೋ ತಿಳಿಯದು. ಅಪ್ಪನ ಪಕ್ಷ ಹಿಡಿಯಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಕನ್ನಡಿ? ಯಾವ ಕನ್ನಡಿ?” ಕಾಕಾ ಎಡಗೈ ನೆಲಕ್ಕೂರಿ ನನ್ನ ಕಡೆ ಪೂರ್ತಿ ತಿರುಗಿದ. “ಆ ಟ್ರ್ಯಾಕ್ಟರಿಗೆ ಕನ್ನಡಿ ಎಲ್ಲಿತ್ತು? ಹುಚ್ಚಿ ಅದೀಯೇನು?”

“ಇತ್ತು.”

“ನಾ ರಿಪೇರಿ ಮಾಡಿದ ಗಾಡಿ ಅದು! ಇರಲಿಲ್ಲ!”

“ಇತ್ತು ಕಾಕಾ. ಬಲಗಡಿ. ನಾ ಅದರಾಗ ಮಾರಿ ನೋಡಕೋತಿದ್ನಿ.”

“ಏ ಗಂಗಾ!” ಕಾಕಾ ಅಡಿಗೆಮನೆಯ ಕಡೆ ಕೂಗಿದ. ಪಕ್ಕದ ಮನೆಯ ಮಗ್ಗದ ಸಪ್ಪಳ ಒಂದು ಕ್ಷಣ ನಿಂತಿತು. “ಬಾ ಇಲ್ಲೆ. ಇವರಪ್ಪನ ಟ್ರ್ಯಾಕ್ಟರಿಗೆ ಕನ್ನಡಿ ಇತ್ತಂತ, ಕೇಳ ಬಾ!”

ಕಾಕಿ ಕೈಯಲ್ಲಿ ಬಿಸಿ ರೊಟ್ಟಿ ಹಿಡಿದು ಬಾಗಿಲಿಗೆ ಬಂದಳು. ಈ ಮನೆಯಲ್ಲಿ ಇಷ್ಟು ದೊಡ್ಡ ದನಿ ಅವಳು ಕೇಳಿರಲಿಲ್ಲವೋ ಏನೋ, ನಮ್ಮಿಬ್ಬರ ಮುಖ ನೋಡಿದಳು.

“ಏನ್ರಿ ಅದು, ಊಟದಾಗ?”

“ಇತ್ತು ಕಾಕಿ,” ಎಂದೆ ನಾನು, ಕಾಕಾನಿಗಿಂತ ಗಟ್ಟಿಯಾಗಿ.